ನೊತೊ: ಜಪಾನಿನ ಒಂದು ಒಂಟಿ ಕರಾವಳಿಯ ಪರಿಚಯ

ಜಪಾನಿನ ಭೂಪಟವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಆ ದೇಶದ ದೊಡ್ಡ ದ್ವೀಪವಾದ ಹೊನ್ಶುವಿನ ಪಶ್ಚಿಮದ ದಡದ ಮೇಲೆ ಬೆರಳಾಡಿಸುತ್ತ ಹೋದರೆ, ನಡುಭಾಗದಲ್ಲಿ ಒಂದೆಡೆ ನೆಲವು ಸಮುದ್ರದೊಳಕ್ಕೆ ತೋಳು ಚಾಚಿ, ಮೊಣಕೈಯ ಬಳಿ ಬಲಕ್ಕೆ ಮಡಿಸಿದಂತೆ ಕಾಣುವುದು. ಇದೇ ನೊತೊ ಪರ್ಯಾಯದ್ವೀಪ. ಉದ್ದ ಸುಮಾರು ೧೦೦ ಕಿಲೋಮೀಟರು. ಇಶಿಕಾವಾ ಪ್ರಾಂತಕ್ಕೆ ಸೇರಿದ್ದು. ಮೂರು ಕಡೆಗೂ ನೀರು, ನಡುವೆ ಗುಡ್ಡ, ಗುಡ್ಡಕ್ಕೂ ನೀರಿಗೂ ನಡುವೆ ಸಿಕ್ಕಷ್ಟು ಜಾಗದಲ್ಲಿ ಗದ್ದೆ ಮತ್ತು ಮನೆ. ಕುಮಟೆ, ಹೊನ್ನಾವರ, ಭಟ್ಕಳದ ಕಡೆಯ ನಮ್ಮ ಬಂಧುಗಳಿಗೆ ಇಂಥ ನೆಲದ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ.

ಜಪಾನೆಂಬುದು ಮುಂಬಯಿಯ ಗಿರಣಿಗಳವರಿಗೆ ಹೊಸ ಹೆಸರಲ್ಲ. ೧೮೯೩ರಲ್ಲಿಯೇ ನಿಪ್ಪೋನ್ ಯೂಸೆನ್ ಕಂಪನಿಯ ಆಗಬೋಟುಗಳು ಮುಂಬಯಿಗೂ ಕೋಬೆಗೂ ನಡುವೆ ಓಡಾಡತೊಡಗಿ ಇಲ್ಲಿಯ ಹತ್ತಿಯ ಬೇಲುಗಳನ್ನು ಅಲ್ಲಿಗೆ ಮುಟ್ಟಿಸುತ್ತಿದ್ದವು. ಆದರೆ ನಾವು ಕೇಳಿ ತಿಳಿದ ಜಪಾನು ಟೋಕಿಯೋ, ಒಸಾಕಾ, ಹೆಚ್ಚೆಂದರೆ ಫೂಜಿ ಪರ್ವತ. ಹಳ್ಳಿಗಾಡಿನ ಜಪಾನು ಹೇಗಿದೆ, ಅಲ್ಲಿ ನೋಡತಕ್ಕದ್ದು ಏನಿದೆ ಎಂಬುದನ್ನು ವಾಚನಾಲಯದ ಓದುಗರ ಮುಂದೆ ಇಡಬೇಕೆಂದು ನಾವು ಈ ಒಂದು ಮೂಲೆಯನ್ನು ಆರಿಸಿಕೊಂಡೆವು. ಹೀಗೆ ಆರಿಸಿಕೊಂಡವರಲ್ಲಿ ನಾವೇ ಮೊದಲಿಗರಲ್ಲ. ಪರ್ಸಿವಲ್ ಲೊವೆಲ್ ಎಂಬ ಅಮೆರಿಕದ ಗೃಹಸ್ಥ, ಮುಂದೆ ಮಂಗಳ ಗ್ರಹವನ್ನು ದುರ್ಬೀನಿನಲ್ಲಿ ನೋಡುತ್ತ ಹೆಸರಾದವನು, ಭೂಪಟದಲ್ಲಿ ಈ ನೆಲದ ಆಕಾರವನ್ನೂ ಹೆಸರನ್ನೂ ಕಂಡು ಮೆಚ್ಚಿ ೧೮೮೯ರಲ್ಲಿ ಹೊರಟೇಬಿಟ್ಟನು. ೧೮೯೧ರಲ್ಲಿ ಆ ಪ್ರಯಾಣದ ಪುಸ್ತಕ ಬಂತು. ಅನಾಮಿಜು ಎಂಬಲ್ಲಿ ನೀರಿನೊಳಗೆ ಕಂಬ ನೆಟ್ಟು ಎತ್ತರದ ಅಟ್ಟಣೆ ಕಟ್ಟಿ, ಅದರ ಮೇಲೆ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕುಳಿತು, ಬೊರಾ ಎಂಬ ಮೀನಿನ ಹಿಂಡು ಬಲೆಯ ಮೇಲೆ ಬರುವುದನ್ನೇ ಕಾಯುತ್ತಿದ್ದುದನ್ನು ಅವನು ಬರೆದಿದ್ದಾನೆ. ನಮ್ಮ ಹೊಲದ ಮಂಚಿಕೆಯ ಮೇಲೆ ಹಕ್ಕಿ ಓಡಿಸುವವನು ಕೂರುವುದಿಲ್ಲವೇ, ಹಾಗೆ. ಆ ಮೀನುಗಾರಿಕೆ ೧೯೯೬ರಲ್ಲಿ ನಿಂತುಹೋಯಿತು. ಅಟ್ಟಣೆಯನ್ನು ಮಾತ್ರ ನೋಡುವವರಿಗಾಗಿ ನಿಲ್ಲಿಸಿದ್ದಾರೆ.

ಹೋಗುವ ದಾರಿಯನ್ನು ಮೊದಲು ಹೇಳುವುದು ಮೇಲು. ಟೋಕಿಯೋದಿಂದ ಕನಜಾವಾ ಪಟ್ಟಣಕ್ಕೆ ಶಿಂಕಾನ್ಸೆನ್ ಎಂಬ ವೇಗದ ರೈಲು ೨೦೧೫ರಿಂದ ಓಡುತ್ತಿದೆ. ಅತಿ ಬೇಗದ ಗಾಡಿಗೆ ಎರಡೂವರೆ ಗಂಟೆ. ಅಲ್ಲಿಂದ ಮುಂದೆ ಬಸ್ಸು, ಅಥವಾ ನನಾವೊ ಊರಿನ ಮೂಲಕ ಅನಾಮಿಜುವಿನವರೆಗೆ ಚಿಕ್ಕ ರೈಲು. ಹಿಂದೆ ಈ ರೈಲು ಇನ್ನೂ ಮುಂದಕ್ಕೆ, ಉತ್ತರದ ವಾಜಿಮಾಕ್ಕೂ ತುದಿಯ ಸುಜುವಿನ ಕಡೆಗೂ ಹೋಗುತ್ತಿತ್ತು. ಹತ್ತುವವರು ಕಡಿಮೆಯಾದರೆಂದು ವಾಜಿಮಾದ ಕವಲನ್ನು ೨೦೦೧ರಲ್ಲಿಯೂ ಸುಜುವಿನದನ್ನು ೨೦೦೫ರಲ್ಲಿಯೂ ಮುಚ್ಚಿದರು. ೨೦೦೩ರಲ್ಲಿ ಗುಡ್ಡದ ಮೇಲೆ ಒಂದು ಸಣ್ಣ ವಿಮಾನ ನಿಲ್ದಾಣ ಬಂತು. ಊರಿಗೆ ವಿಮಾನ ಬಂದು ರೈಲು ಹೋಯಿತು ಎಂಬುದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ, ಖರ್ಚು ಕೊಟ್ಟು ಓಡಾಡುವವರು ಹೇಳಬೇಕು.

ಬಸ್ಸಿನಲ್ಲಿ ಹೋಗುವವರಿಗೆ ಮೊದಲು ಸಿಗುವ ವಿಶೇಷ ಹಕುಯಿಯ ಹತ್ತಿರದ ಚಿರಿಹಾಮಾ ಕಡಲತೀರ. ಇಲ್ಲಿ ಸುಮಾರು ೮ ಕಿಲೋಮೀಟರು ದೂರ ಅಲೆಯ ಪಕ್ಕದ ಮರಳಿನ ಮೇಲೆಯೇ ಮೋಟಾರುಗಳೂ ಬಸ್ಸುಗಳೂ ಓಡುತ್ತವೆ. ಮರಳಿನ ಕಣ ಬಹಳ ಸಣ್ಣದು, ಒಂದೇ ಅಳತೆಯದು. ನೀರು ಹೀರಿಕೊಂಡು ಗಾರೆ ನೆಲದಂತೆ ಬಿಗಿಯಾಗುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ಸಮುದ್ರ ಈ ಮರಳನ್ನು ಕೊರೆದುಕೊಂಡು ಹೋಗುತ್ತಿದೆ, ದಾರಿ ಕಿರಿದಾಗುತ್ತಿದೆ.

ನೊತೊದ ಮುಖ್ಯ ಊರು ವಾಜಿಮಾ. ಇದರ ಹೆಸರು ಜಪಾನಿನ ಉದ್ದಗಲಕ್ಕೂ ತಿಳಿದಿರುವುದು ಎರಡು ಕಾರಣಕ್ಕೆ: ಒಂದು ಬೆಳಗಿನ ಸಂತೆ, ಇನ್ನೊಂದು ಮೆರುಗೆಣ್ಣೆಯ ಪಾತ್ರೆ.

ಸಂತೆಗೆ ಸಾವಿರ ವರ್ಷದ ಇತಿಹಾಸವುಂಟೆಂದು ಅಲ್ಲಿಯವರು ಹೇಳುತ್ತಾರೆ. ಮಾರುವವರೆಲ್ಲ ಹೆಚ್ಚಾಗಿ ಹೆಂಗಸರು. ಮೀನುಗಾರರ ಹೆಂಡಂದಿರು ಒಣಮೀನು, ಕಡಲಪಾಚಿ ತಂದರೆ ಒಕ್ಕಲ ಹೆಂಗಸರು ತರಕಾರಿ, ಹೂವು, ಉಪ್ಪಿನಕಾಯಿ ತರುವರು. ದಾರಿಯ ಎರಡು ಬದಿಗೂ ಕುಳಿತು, ಹೋಗುವವರನ್ನು ತಮ್ಮ ಊರಿನ ಆಡುಮಾತಿನಲ್ಲಿ ಕೂಗಿ ಕರೆಯುವರು. ಗಂಡನೊಬ್ಬನನ್ನೋ ಇಬ್ಬರನ್ನೋ ಸಾಕಲಾರದವಳು ಎಂಥ ಹೆಂಗಸು ಎಂದು ಆ ಊರಲ್ಲಿ ಹೆಂಗಸರೇ ಹೇಳಿಕೊಳ್ಳುವ ಮಾತೊಂದುಂಟು. ಈ ಮಾತಿಗೆ ಆಧಾರವಿಲ್ಲದೆ ಇಲ್ಲ. ವಾಜಿಮಾದಲ್ಲಿ ಆಮಾ ಎಂಬ ಮುಳುಗುವ ಹೆಂಗಸರಿದ್ದಾರೆ. ಉಸಿರಾಟದ ಯಂತ್ರವಿಲ್ಲದೆ, ಒಂದೇ ಉಸಿರಿನಲ್ಲಿ ಸಮುದ್ರದ ತಳಕ್ಕೆ ಇಳಿದು, ಬಂಡೆಗೆ ಕಚ್ಚಿಕೊಂಡಿರುವ ಅವಾಬಿ ಎಂಬ ಬೆಲೆಯುಳ್ಳ ಚಿಪ್ಪಿನ ಪ್ರಾಣಿಯನ್ನು ಎಬ್ಬಿಸಿ ತರುವುದು ಅವರ ಕಸುಬು. ಬೇಸಗೆಯಲ್ಲಿ ಸುಮಾರು ೫೦ ಕಿಲೋಮೀಟರು ಆಚೆಯ ಹೆಗುರಾ ದ್ವೀಪದವರೆಗೂ ಹೋಗುತ್ತಾರೆ. ೨೦೧೮ರಲ್ಲಿ ಸರಕಾರ ಈ ಕಸುಬನ್ನು ದೇಶದ ಮುಖ್ಯ ಜಾನಪದ ಆಸ್ತಿಯೆಂದು ಸಾರಿತು.

ಮೆರುಗೆಣ್ಣೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುವುದು ಅರಗು. ಅದು ಮರದ ಕೊಂಬೆಯ ಮೇಲೆ ಕೂತ ಹುಳುವಿನಿಂದ ಬರುವ ಪದಾರ್ಥ. ವಾಜಿಮಾದ್ದು ಉರುಶಿ, ಇದು ಮರದ ರಸವೇ. ಮರಕ್ಕೆ ಹತ್ತು ಹದಿನೈದು ವರ್ಷ ತುಂಬಿದ ಮೇಲೆ ತೊಗಟೆಯ ಮೇಲೆ ಗೀರು ಹಾಕಿ, ಒಸರಿದ್ದನ್ನು ಬಳಿದುಕೊಳ್ಳಬೇಕು. ಒಂದು ಮರದಿಂದ ಒಂದು ಹಂಗಾಮಿಗೆ ಸಿಕ್ಕುವುದು ಸುಮಾರು ೨೦೦ ಗ್ರಾಂ ಮಾತ್ರ. ಹಸಿಯ ರಸ ಮೈಗೆ ತಗುಲಿದರೆ ಬೊಕ್ಕೆ ಏಳುತ್ತದೆ. ಇದಕ್ಕೆ ಕಾರಣವನ್ನು ಮಂಗಳೂರಿನ ಕಡೆಯವರು ತಟ್ಟನೆ ತಿಳಿದುಕೊಳ್ಳುವರು, ಏಕೆಂದರೆ ಉರುಶಿ ಮರವೂ ನಮ್ಮ ಗೇರುಮರವೂ ಒಂದೇ ಕುಲದವು. ಗೇರುಬೀಜ ಸುಲಿಯುವ ಹೆಂಗಸರ ಕೈಯನ್ನು ಸುಡುವ ಎಣ್ಣೆಯೂ, ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಕಾಯಿಯ ಕಪ್ಪು ರಸವೂ ಇದರ ಸೋದರ ಸಂಬಂಧಿಗಳೇ. ಉರುಶಿ ದುಬಾರಿಯಾದುದರಿಂದ ಗೇರುಸಿಪ್ಪೆಯ ಎಣ್ಣೆಯಿಂದಲೇ ಜಪಾನಿನವರು ಅಂಥದೇ ಹೊಳಪಿನ ಒಂದು ಬಣ್ಣವನ್ನು ತಯಾರಿಸುತ್ತಾರೆ. ಅಸಲು ವಾಜಿಮಾ ಪಾತ್ರೆಗೆ ಮಾತ್ರ ಅದನ್ನು ಹಚ್ಚುವುದಿಲ್ಲ.

ವಾಜಿಮಾದ ಗುಟ್ಟು ಮೇಲಿನ ಹೊಳಪಿನಲ್ಲಿಲ್ಲ, ಒಳಗಿನ ತಳಪಾಯದಲ್ಲಿದೆ. ಆ ಊರ ಹತ್ತಿರ ಒಂದು ಬಗೆಯ ಮಣ್ಣು ದೊರೆಯುತ್ತದೆ. ಬಹುಕಾಲದ ಹಿಂದೆ ಸಮುದ್ರದಲ್ಲಿ ಬದುಕಿದ್ದ ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು ಕೂಡಿ ಆದದ್ದು ಅದು. ಅದನ್ನು ಸುಟ್ಟು ಪುಡಿಮಾಡಿ ಉರುಶಿಯಲ್ಲಿ ಕಲಸಿ ಮರದ ಬಟ್ಟಲಿಗೆ ಪದರ ಪದರವಾಗಿ ಬಳಿಯುತ್ತಾರೆ. ಒಡೆಯುವ ಕಡೆ, ಅಂದರೆ ಅಂಚಿಗೂ ಅಡಿಗೂ, ಮೊದಲೇ ಬಟ್ಟೆಯ ತುಂಡು ಅಂಟಿಸಿರುತ್ತಾರೆ. ಬಳಿಯುವುದು, ಒಣಗಿಸುವುದು, ತಿಕ್ಕುವುದು, ಮತ್ತೆ ಬಳಿಯುವುದು, ಹೀಗೆ ನೂರಕ್ಕೂ ಮೇಲ್ಪಟ್ಟ ಕೆಲಸಗಳಾದ ಮೇಲೆ ಒಂದು ಊಟದ ಬಟ್ಟಲು ಹೊರಬರುತ್ತದೆ. ಒಬ್ಬನೇ ಎಲ್ಲವನ್ನೂ ಮಾಡುವುದಿಲ್ಲ: ಮರ ಕೊರೆಯುವವನು ಬೇರೆ, ತಳ ಬಳಿಯುವವನು ಬೇರೆ, ತಿಕ್ಕುವವನು, ಕೊನೆಯ ಪದರ ಹಚ್ಚುವವನು, ಚಿನ್ನದ ಚಿತ್ರ ಬಿಡಿಸುವವನು ಎಲ್ಲರೂ ಬೇರೆ. ಗಿರಣಿಯ ಖಾತೆಗಳಂತೆಯೇ ಸರಕು ಮನೆಯಿಂದ ಮನೆಗೆ ಸಾಗುತ್ತದೆ.

ಇಲ್ಲಿ ಒಂದು ಸ್ವಾರಸ್ಯ. ಉರುಶಿಯು ಬಿಸಿಲಲ್ಲಿ ಒಣಗುವುದಿಲ್ಲ. ತೇವವಿರುವ ಗಾಳಿಯಲ್ಲಿ ಮಾತ್ರ ಅದು ಗಟ್ಟಿಯಾಗುತ್ತದೆ. ಅದಕ್ಕಾಗಿ ಒಳಗೆ ನೀರು ಚಿಮುಕಿಸಿದ ಕಪಾಟುಗಳಲ್ಲಿ ಪಾತ್ರೆಗಳನ್ನು ಇಡುತ್ತಾರೆ. ನೂಲು ತುಂಡಾಗದಿರಲೆಂದು ನಮ್ಮ ನೇಯುವ ಖಾತೆಯಲ್ಲಿ ಗಾಳಿಗೆ ನೀರಿನ ಹನಿ ಬಿಡುವುದನ್ನು ಬಲ್ಲವರು, ತೇವವೂ ಒಂದು ಹತಾರವೆಂಬುದನ್ನು ಒಪ್ಪುವರು. ನೊತೊದ ಮಳೆ ಹಿಮದ ಹವೆ ಈ ಕಸುಬಿಗೆ ಹೇಳಿ ಮಾಡಿಸಿದಂತಿದೆ.

ಮಾರಾಟದ ರೀತಿಯೂ ತಿಳಿಯತಕ್ಕದ್ದೇ. ಹಿಂದಿನ ಕಾಲದಲ್ಲಿ ವಾಜಿಮಾದ ವರ್ತಕರು ಮಾದರಿಯ ಪಾತ್ರೆಗಳನ್ನು ಹೊತ್ತುಕೊಂಡು ದೇಶವೆಲ್ಲ ತಿರುಗಿ, ಹಳ್ಳಿಯವರ ಮನೆಯ ಜಗಲಿಯ ಮೇಲೆ ಕುಳಿತು ಬೇಡಿಕೆ ಬರೆದುಕೊಂಡು, ಹಣವನ್ನು ಮುಂದಿನ ವರ್ಷಗಳಲ್ಲಿ ಕಂತಿನ ಮೇಲೆ ಪಡೆಯುತ್ತಿದ್ದರು. ಒಡೆದದ್ದನ್ನು ಹಿಂದಕ್ಕೆ ಒಯ್ದು ಸರಿಮಾಡಿ ಕೊಡುವುದೂ ಉಂಟು. ಮೂರು ತಲೆಮಾರು ಉಣ್ಣುವ ಬಟ್ಟಲಿಗೆ ಮೂರು ವರ್ಷದ ಕಂತು ಹೆಚ್ಚಲ್ಲವೆಂದೇ ನಮ್ಮ ಎಣಿಕೆ.

ವಾಜಿಮಾದಿಂದ ಪೂರ್ವಕ್ಕೆ ಕಡಲ ದಾರಿ ಹಿಡಿದರೆ ಸಿಗುವುದು ಶಿರೋಯೊನೆ ಸೆನ್‌ಮೈದಾ. ಸೆನ್‌ಮೈದಾ ಎಂದರೆ ಸಾವಿರ ಗದ್ದೆ. ಹೆಸರು ಉತ್ಪ್ರೇಕ್ಷೆಯಲ್ಲ, ಎಣಿಸಿದರೆ ೧೦೦೪. ಎಲ್ಲವೂ ಸೇರಿ ಸುಮಾರು ೪ ಹೆಕ್ಟೇರು ಮಾತ್ರ, ಅಂದರೆ ಹತ್ತು ಎಕರೆ. ರಸ್ತೆಯಿಂದ ಹಿಡಿದು ಅಲೆ ಬಡಿಯುವ ಬಂಡೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿವೆ. ಕೆಲವಂತೂ ಊಟದ ಎಲೆಯಷ್ಟೇ ಎನ್ನಬೇಕು. ಒಬ್ಬ ರೈತ ಸಂಜೆ ತನ್ನ ಗದ್ದೆಗಳನ್ನೆಲ್ಲ ಎಣಿಸಿದನಂತೆ. ಎಷ್ಟು ಸಲ ಎಣಿಸಿದರೂ ಒಂದು ಕಡಿಮೆ. ಹೋಗಲಿ ಎಂದು ನೆಲದ ಮೇಲಿಟ್ಟಿದ್ದ ಹುಲ್ಲಿನ ಗೊರಬನ್ನು ಎತ್ತಿಕೊಂಡರೆ, ಅದರ ಕೆಳಗೆ ಗದ್ದೆ! ಈ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಇಂಥ ಗದ್ದೆಗೆ ಯಂತ್ರ ಇಳಿಯದು; ನಾಟಿ, ಕೊಯ್ಲು ಎಲ್ಲವೂ ಕೈಯಿಂದಲೇ. ಮಾಡುವ ಕೈಗಳು ಊರು ಬಿಟ್ಟುವು. ಆಗ ಊರವರು ಒಂದು ಉಪಾಯ ಹೂಡಿದರು. ಪಟ್ಟಣದವರು ವರ್ಷಕ್ಕಿಷ್ಟೆಂದು ಹಣ ಕೊಟ್ಟು ಒಂದು ಗದ್ದೆಗೆ ಒಡೆಯರೆನಿಸಿಕೊಳ್ಳಬಹುದು. ಹೆಸರಿನ ಹಲಗೆ ನೆಡುತ್ತಾರೆ. ಬಂದು ನಾಟಿ ಮಾಡಬಹುದು, ಕೊಯ್ಯಬಹುದು, ಅಕ್ಕಿಯೂ ಸಿಕ್ಕುತ್ತದೆ. ೨೦೦೧ರಲ್ಲಿ ಸರಕಾರ ಇದನ್ನು ರಮ್ಯಸ್ಥಳವೆಂದು ಕಾಯ್ದಿಟ್ಟಿತು. ೨೦೧೧ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ನೊತೊದ ಒಕ್ಕಲುತನವನ್ನೇ ಜಗತ್ತಿನ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಇನ್ನೂ ಮುಂದೆ ಸುಜು. ಇಲ್ಲಿ ಉಪ್ಪು ತೆಗೆಯುವ ರೀತಿಯನ್ನು ನೋಡದೆ ಬರಬಾರದು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳನ್ನು ಕಂಡವರಿಗೆ ಇದು ವಿಚಿತ್ರವಾಗಿ ತೋರುವುದು. ಸಾಣಿಕಟ್ಟೆಯಲ್ಲಿ ಭರತದ ನೀರು ಅಘನಾಶಿನಿಯ ಮೂಲಕ ತಾನಾಗಿ ಒಳಗೆ ಬರುತ್ತದೆ. ಬಿಸಿಲು ಉಳಿದ ಕೆಲಸ ಮಾಡುತ್ತದೆ. ಜಪಾನ್ ಸಮುದ್ರದಲ್ಲಿ ಭರತ ಇಳಿತಗಳ ಅಂತರ ಮೊಣಕಾಲು ಮಟ್ಟವೂ ಇಲ್ಲ. ನೀರು ತಾನಾಗಿ ಬಾರದು, ಹೊತ್ತು ತರಬೇಕು. ಬಿಸಿಲೂ ನಮ್ಮಷ್ಟಿಲ್ಲ, ಮಳೆಯೂ ನಡುನಡುವೆ. ಅದಕ್ಕಾಗಿ ಅವರು ಮರಳಿನ ಸಹಾಯ ಪಡೆದರು.

ದಡಕ್ಕಿಂತ ಎತ್ತರದಲ್ಲಿ ಜೇಡಿಯ ನೆಲವನ್ನು ಬಡಿದು ಗಟ್ಟಿಮಾಡಿ ಅದರ ಮೇಲೆ ಮರಳು ಹಾಸುತ್ತಾರೆ. ನಸುಕಿನಲ್ಲಿ ಎದ್ದು ಹೆಗಲ ಅಡ್ಡೆಗೆ ಎರಡು ಮರದ ಕೊಡ ಕಟ್ಟಿ ಸಮುದ್ರದ ನೀರು ತಂದು ತೊಟ್ಟಿ ತುಂಬುತ್ತಾರೆ. ಬಳಿಕ ಬಾಯಿ ಅಗಲದ ಬಕೆಟ್ಟಿನಿಂದ ನೀರನ್ನು ಮರಳಿನ ಮೇಲೆ ಎರಚಬೇಕು. ಎರಚುವುದೆಂದರೆ ಸುರಿಯುವುದಲ್ಲ, ಮೈಯನ್ನು ಒಂದು ಸುತ್ತು ತಿರುಗಿಸಿ ಬೀಸಿದರೆ ನೀರು ಮಂಜಿನಂತೆ ಹರಡಿ ಎಲ್ಲೆಡೆಗೂ ಸಮನಾಗಿ ಬೀಳಬೇಕು. ನೀರು ಹೊರುವುದನ್ನು ಕಲಿಯಲು ಮೂರು ವರ್ಷ, ಎರಚುವುದಕ್ಕೆ ಹತ್ತು ವರ್ಷ ಎಂದು ಅವರ ಲೆಕ್ಕ. ಬಿಸಿಲೇರಿದಂತೆ ನೀರು ಆರಿ ಉಪ್ಪು ಮರಳಿನ ಕಣಗಳಿಗೆ ಅಂಟುತ್ತದೆ. ಮಧ್ಯಾಹ್ನ ಆ ಮರಳನ್ನು ಕೆರೆದು ನಡುವಿನ ಪೆಟ್ಟಿಗೆಗೆ ತುಂಬಿ, ಮೇಲಿಂದ ಮತ್ತೆ ಸಮುದ್ರದ ನೀರು ಹೊಯ್ಯುತ್ತಾರೆ. ಸಮುದ್ರದ ನೀರಿನಲ್ಲಿ ನೂರಕ್ಕೆ ಸುಮಾರು ಮೂರೂವರೆ ಪಾಲು ಉಪ್ಪಿದ್ದರೆ, ಕೆಳಗೆ ತೊಟ್ಟಿಕ್ಕುವ ನೀರಿನಲ್ಲಿ ಅದರ ನಾಲ್ಕೈದು ಪಟ್ಟು. ಇದನ್ನು ಕಬ್ಬಿಣದ ದೊಡ್ಡ ಕಡಾಯಿಯಲ್ಲಿ ಸೌದೆಯ ಉರಿಯ ಮೇಲೆ ರಾತ್ರಿಯೆಲ್ಲ ಕುದಿಸಿದರೆ ಉಪ್ಪು. ಮಳೆ ಬಂದರೆ ಆ ದಿನದ ಕೂಲಿ ನೀರಿಗೆ ಹೋಯಿತು.

ಈ ಕಷ್ಟದ ಕಸುಬು ಏಕೆ ಉಳಿಯಿತು? ಹಿಂದೆ ಈ ಸೀಮೆಯನ್ನಾಳಿದ ಕಾಗಾ ಸಂಸ್ಥಾನದವರು ಉಪ್ಪಿನವರಿಗೆ ಅಕ್ಕಿಯನ್ನು ಮುಂಗಡವಾಗಿ ಕೊಟ್ಟು ಉಪ್ಪನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಗದ್ದೆ ಸಾಲದ ನಾಡಿನಲ್ಲಿ ಅಕ್ಕಿಯ ಮುಂಗಡ ಕೈಬಿಡಲಾಗದ ಹಗ್ಗ. ೧೯೦೫ರಿಂದ ಉಪ್ಪು ಸರಕಾರದ ಏಕಸ್ವಾಮ್ಯವಾಯಿತು. ಉಪ್ಪಿನ ಕಾಯಿದೆಯೆಂದರೆ ಏನೆಂದು ೧೯೩೦ರ ಅಂಕೋಲೆಯ ಕತೆ ಕೇಳಿದವರಿಗೆ ನಾವು ಹೇಳಬೇಕಾಗಿಲ್ಲ. ೧೯೫೯ರಲ್ಲಿ ಸರಕಾರ ಹಣ ಕೊಟ್ಟು ಸಣ್ಣ ಉಪ್ಪಿನ ಕಣಗಳನ್ನು ಮುಚ್ಚಿಸಿತು. ಆಗ ಸುಜುವಿನಲ್ಲಿ ಕಾಕುಹಾನಾ ಎಂಬ ಒಂದೇ ಮನೆತನ ಬಿಡದೆ ಎರಚುತ್ತ ಉಳಿಯಿತು. ೧೯೯೭ರಲ್ಲಿ ಏಕಸ್ವಾಮ್ಯ ಕೊನೆಗೊಂಡ ಮೇಲೆ ಬೇರೆಯವರೂ ಮತ್ತೆ ಕಣ ಹಾಸಿದರು. ೨೦೦೮ರಲ್ಲಿ ಈ ವಿದ್ಯೆಗೂ ಸರಕಾರದ ಮನ್ನಣೆ ಬಂತು. ಮುಚ್ಚಿಸಿದವರೇ ಮನ್ನಿಸಿದರು ಎನ್ನುವುದನ್ನು ಓದುಗರು ಗಮನಿಸಬಹುದು.

ಬೇರೆ ನೋಟಗಳನ್ನು ಬೇಗ ಹೇಳಿಬಿಡುತ್ತೇವೆ. ವಾಜಿಮಾದ ಪಶ್ಚಿಮಕ್ಕೆ ಓಜಾವಾ, ಕಾಮಿಓಜಾವಾ ಎಂಬ ಹಳ್ಳಿಗಳು ಚಳಿಗಾಲದ ಬಿರುಗಾಳಿ ತಡೆಯಲು ಎರಡಾಳೆತ್ತರದ ಸಣ್ಣ ಬಿದಿರಿನ ಬೇಲಿ ಕಟ್ಟಿಕೊಂಡು ಅದರ ಹಿಂದೆ ಅಡಗಿರುತ್ತವೆ. ಅದೇ ಚಳಿಗಾಲದಲ್ಲಿ ಬಂಡೆಗೆ ಬಡಿದ ಅಲೆ ಬೆಣ್ಣೆಯಂಥ ನೊರೆಯಾಗಿ ಹಾರಾಡುತ್ತದೆ. ಅದನ್ನು ಅಲೆಯ ಹೂವು ಎನ್ನುತ್ತಾರೆ. ಮೊನ್ಜೆನ್ ಎಂಬಲ್ಲಿ ೧೩೨೧ರಲ್ಲಿ ಸ್ಥಾಪನೆಯಾದ ಸೋಜಿಜಿ ಬೌದ್ಧಮಠ ಇದೆ. ೧೮೯೮ರಲ್ಲಿ ಬೆಂಕಿ ಬಿದ್ದಮೇಲೆ ಪಂಥದ ಮುಖ್ಯ ಪೀಠ ೧೯೧೧ರಲ್ಲಿ ಯೊಕೊಹಾಮಾ ಕಡೆಗೆ ಹೋಯಿತು, ಹಳೆಯ ಮಠ ಇಲ್ಲೇ ಉಳಿಯಿತು. ಮಠಗಳೂ ಪಟ್ಟಣಕ್ಕೆ ವಲಸೆ ಹೋಗುತ್ತವೆ! ಸುಜುವಿನ ಕಟ್ಟಕಡೆಗೆ ೧೮೮೩ರಲ್ಲಿ ಕಟ್ಟಿದ ರೊಕ್ಕೊ ಭೂಶಿರದ ಬಿಳಿಯ ದೀಪಸ್ತಂಭ. ನೆಲದ ತುದಿಯಾದುದರಿಂದ ಸೂರ್ಯ ಸಮುದ್ರದಿಂದ ಏಳುವುದನ್ನೂ ಸಮುದ್ರದಲ್ಲಿ ಮುಳುಗುವುದನ್ನೂ ಅಲ್ಲಿಯೇ ನಿಂತು ನೋಡಬಹುದು.

ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದದ್ದು ಮಾತ್ರ ಒಂದು ಮನೆಯೊಳಗಿನ ಆಚರಣೆ. ಅದಕ್ಕೆ ಆಎನೊಕೊತೊ ಎಂದು ಹೆಸರು. ಕೊಯ್ಲು ಮುಗಿದು ಡಿಸೆಂಬರ್ ೫ರಂದು ಮನೆಯ ಯಜಮಾನ ಒಳ್ಳೆಯ ಬಟ್ಟೆ ಉಟ್ಟು ಗದ್ದೆಗೆ ಹೋಗಿ ಗದ್ದೆಯ ದೇವರನ್ನು ಮನೆಗೆ ಕರೆತರುತ್ತಾನೆ. ವಿಗ್ರಹವಿಲ್ಲ, ಪೂಜಾರಿಯಿಲ್ಲ. ಆ ದೇವರಿಗೆ ಕಣ್ಣು ಮಂದವೆಂದು ನಂಬಿಕೆ. ಆದುದರಿಂದ ದಾರಿಯುದ್ದಕ್ಕೂ ಇಲ್ಲಿ ಮೆಟ್ಟಿಲಿದೆ, ಇಲ್ಲಿ ಹೊಸ್ತಿಲಿದೆ ಎಂದು ಬಾಯಿಬಿಟ್ಟು ಹೇಳುತ್ತ ಬರಬೇಕು. ಒಲೆಯ ಹತ್ತಿರ ಕೂರಿಸಿ ಚಳಿ ಕಾಯಿಸಿ, ಬಚ್ಚಲಿಗೆ ಕರೆದೊಯ್ದು ನೀರು ಹದವಾಗಿದೆಯೇ ಎಂದು ಕೇಳಿ, ಬಳಿಕ ಮೆರುಗೆಣ್ಣೆಯ ಬಟ್ಟಲುಗಳಲ್ಲಿ ಊಟವಿಟ್ಟು, ಇದು ಅನ್ನ, ಇದು ಮೀನು, ಇದು ಮೂಲಂಗಿ ಎಂದು ಒಂದೊಂದನ್ನೂ ಹೆಸರಿಸಿ ಬಡಿಸುವನು. ಚಳಿಗಾಲವೆಲ್ಲ ದೇವರು ಮನೆಯಲ್ಲಿಯೇ ಇದ್ದು, ಫೆಬ್ರವರಿ ೯ರಂದು ಮತ್ತೆ ಇದೇ ಸತ್ಕಾರ ಪಡೆದು ಗದ್ದೆಗೆ ಹೊರಡುವುದು. ೨೦೦೯ರಲ್ಲಿ ಯುನೆಸ್ಕೊ ಇದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ವಯಸ್ಸಾದ ತಂದೆಯನ್ನು ಊರಿನಿಂದ ಮೊದಲ ಸಲ ಕರೆತಂದು ಚಾಳಿನ ಕತ್ತಲೆಯ ಮೆಟ್ಟಿಲು ಹತ್ತಿಸಿದವರಿಗೆ ಈ ಉಪಚಾರದ ಮಾತು ಅಪರಿಚಿತವಾಗಿ ಕೇಳದು.

ಇಷ್ಟೆಲ್ಲ ಇದ್ದ ನಾಡು ಬರಿದಾಗುತ್ತ ಬಂದಿದೆ. ಸುಜುವಿನಲ್ಲಿ ೧೯೫೦ರ ಸುಮಾರಿಗೆ ೩೮ ಸಾವಿರ ಜನರಿದ್ದರು. ೨೦೨೦ರ ಹೊತ್ತಿಗೆ ಸುಮಾರು ೧೩ ಸಾವಿರಕ್ಕೆ ಇಳಿದು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ೬೫ ದಾಟಿದವರಾಗಿದ್ದರು. ಹೊರಗೆ ದುಡಿಯುವ ರೂಢಿ ಅಲ್ಲಿ ಹೊಸದೇನೂ ಅಲ್ಲ. ನೊತೊ ತೋಜಿ ಎಂದು ಹೆಸರಾದ ಅಕ್ಕಿಮದ್ಯ ತಯಾರಿಸುವ ಮೇಸ್ತ್ರಿಗಳು ಕೊಯ್ಲು ಮುಗಿದೊಡನೆ ದೂರದ ಊರುಗಳ ಭಟ್ಟಿಗಳಿಗೆ ಹೋಗಿ, ಚಳಿಗಾಲವೆಲ್ಲ ದುಡಿದು, ವಸಂತಕ್ಕೆ ಗದ್ದೆಗೆ ಹಿಂತಿರುಗುತ್ತಿದ್ದರು. ಮುಂಬಯಿಯಲ್ಲಿ ಊಟದ ಹೋಟೆಲೆಂದರೆ ಉಡುಪಿಯವರದು ಎನ್ನುವಂತೆ, ಟೋಕಿಯೋದ ಸಾರ್ವಜನಿಕ ಸ್ನಾನಗೃಹಗಳ ಒಡೆಯರಲ್ಲಿ ಬಹಳ ಮಂದಿ ಇಶಿಕಾವಾ, ತೊಯಾಮಾ, ನೀಗಾತಾ ಪ್ರಾಂತಗಳವರು. ಒಬ್ಬ ಹೋಗಿ ನೆಲೆನಿಂತ. ಅವನ ಹಿಂದೆ ಅಣ್ಣನ ಮಗ, ಅವನ ಹಿಂದೆ ನೆರೆಮನೆಯವನು. ದಾರಿ ಒಂದೇ. ವ್ಯತ್ಯಾಸವೆಂದರೆ ತೋಜಿಗಳು ಪ್ರತಿ ವರ್ಷ ಮರಳುತ್ತಿದ್ದರು. ಕಾರಖಾನೆಗೂ ಕಚೇರಿಗೂ ಹೋದ ಮುಂದಿನ ತಲೆಮಾರು ಮರಳಲಿಲ್ಲ.

ಮರಳುವುದು ಹಬ್ಬಕ್ಕೆ. ಜುಲೈಯಿಂದ ಶರತ್ಕಾಲದವರೆಗೆ ನೊತೊದ ಊರೂರಿನಲ್ಲಿ ಕಿರಿಕೊ ಹಬ್ಬ. ಕಿರಿಕೊ ಎಂದರೆ ಕಾಗದ ಹೊದಿಸಿದ, ಒಳಗೆ ದೀಪವಿರುವ ಎತ್ತರದ ಕಂದೀಲು. ನಮ್ಮ ತೇರಿಗೆ ಚಕ್ರ ತೆಗೆದು ಹೆಗಲ ಮೇಲೆ ಹೊತ್ತಂತೆ. ದೇವರ ಪಲ್ಲಕ್ಕಿಗೆ ರಾತ್ರಿ ದಾರಿ ತೋರುವುದು ಅದರ ಕೆಲಸ. ಉಶಿತ್ಸು ಎಂಬ ಊರಿನ ಹಬ್ಬದಲ್ಲಂತೂ ಪಲ್ಲಕ್ಕಿಯನ್ನು ಸಮುದ್ರಕ್ಕೆ ಎಸೆದು, ಬೆಂಕಿಗೆ ಒಡ್ಡಿ, ಬಡಿದು ದೇವರನ್ನು ಸಂತೋಷಪಡಿಸುತ್ತಾರೆ. ಹೊರಲು ಹತ್ತಾರು ಹೆಗಲು ಬೇಕು. ಊರಿನಲ್ಲಿ ಅಷ್ಟು ಹೆಗಲಿಲ್ಲ. ಹೊಸವರ್ಷಕ್ಕೆ ಬಾರದಿದ್ದರೂ ಸರಿಯೇ, ಹಬ್ಬಕ್ಕೆ ಬರಬೇಕು ಎಂಬ ಮಾತು ಅಲ್ಲಿ ಹುಟ್ಟಿದ್ದು ಇದರಿಂದಲೇ.

೨೦೨೪ರ ಹೊಸವರ್ಷಕ್ಕೆ ಬಹಳ ಮಂದಿ ಬಂದಿದ್ದರು. ಜನವರಿ ೧ ಜಪಾನಿನಲ್ಲಿ ನಮ್ಮ ದೀಪಾವಳಿಯಂತೆ. ಪಟ್ಟಣದ ಮಕ್ಕಳು ಮೊಮ್ಮಕ್ಕಳೆಲ್ಲ ಹಿರಿಯರ ಮನೆಯಲ್ಲಿ ಸೇರುವ ದಿನ. ಸಂಜೆ ೪ ಗಂಟೆ ೧೦ ನಿಮಿಷಕ್ಕೆ ೭.೬ ಪ್ರಮಾಣದ ಭೂಕಂಪವಾಯಿತು. ೨೦೦೭ರಲ್ಲಿಯೂ ೨೦೨೩ರಲ್ಲಿಯೂ ನಡುಗಿದ್ದ ನೆಲ ಅದು. ಆದರೆ ಇಷ್ಟು ದೊಡ್ಡದಾಗಿ ನಡುಗಿರಲಿಲ್ಲ. ಭಾರದ ಕರಿಹೆಂಚು ಹೊದಿಸಿದ ಹಳೆಯ ಮರದ ಮನೆಗಳು ಮಂಡಿಯೂರಿದವು. ವಾಜಿಮಾದ ಸಂತೆಬೀದಿಗೆ ಬೆಂಕಿ ಹತ್ತಿತು. ನೀರಿನ ಕೊಳವೆಗಳು ಒಡೆದಿದ್ದವು, ಸುನಾಮಿಯ ಎಚ್ಚರಿಕೆಯಿಂದ ಸಮುದ್ರದ ಕಡೆ ಹೋಗುವಂತಿರಲಿಲ್ಲ. ಸುಮಾರು ೨೪೦ ಕಟ್ಟಡಗಳು ಉರಿದುಹೋದವು. ಮೆರುಗೆಣ್ಣೆಯವರ ಎಷ್ಟೋ ಮಳಿಗೆಗಳೂ ಕಾರ್ಯಾಗಾರಗಳೂ ಹಾಳಾದವು. ನೇರವಾಗಿ ಸತ್ತವರು ೨೨೮ ಮಂದಿ. ಆಶ್ರಯದ ಶಿಬಿರಗಳ ಚಳಿಯಲ್ಲಿ, ದಣಿವಿನಲ್ಲಿ, ಔಷಧಿಯ ಅಭಾವದಲ್ಲಿ ಮುಂದೆ ತೀರಿಕೊಂಡವರನ್ನೂ ಸೇರಿಸಿದರೆ ೬೦೦ ದಾಟಿತು. ಅವರಲ್ಲಿ ಹಬ್ಬಕ್ಕೆಂದು ಬಂದವರೂ ಇದ್ದರು.

ಸಮುದ್ರದ ತಳವೇ ಮೇಲೆದ್ದಿತು. ಉತ್ತರದ ದಡ ಕೆಲವೆಡೆ ಸುಮಾರು ೪ ಮೀಟರಿನಷ್ಟು ಎತ್ತರಕ್ಕೆ ಬಂದು, ನೀರು ೨೦೦ ಮೀಟರಿನವರೆಗೂ ಹಿಂದೆ ಸರಿಯಿತು. ಸಣ್ಣ ಬಂದರುಗಳು ಒಣನೆಲವಾದವು, ದೋಣಿಗಳು ಇದ್ದಲ್ಲಿಯೇ ಕೂತವು, ಆಮಾ ಹೆಂಗಸರು ಮುಳುಗುತ್ತಿದ್ದ ಬಂಡೆಗಳಲ್ಲಿ ಕೆಲವು ಬಿಸಿಲು ಕಂಡವು. ಸೆನ್‌ಮೈದಾದ ಗದ್ದೆಗಳು ಬಿರುಕುಬಿಟ್ಟವು. ಸುಜುವಿನಲ್ಲಿ ಒಂದು ಅಣುವಿದ್ಯುತ್ ಕೇಂದ್ರ ಕಟ್ಟುವ ಯೋಜನೆ ೧೯೭೫ರಿಂದ ಇತ್ತು. ಊರು ಎರಡು ಪಕ್ಷವಾಗಿ ಬಹುಕಾಲ ಕಾದಾಡಿದ ಮೇಲೆ ೨೦೦೩ರಲ್ಲಿ ಅದನ್ನು ಬದಿಗಿಟ್ಟಿದ್ದರು. ಬದಿಗಿಟ್ಟದ್ದು ಎಷ್ಟು ಒಳ್ಳೆಯದಾಯಿತೆಂದು ಈಗ ಎರಡು ಪಕ್ಷದವರಿಗೂ ತೋರಿರಬೇಕು. ಅದೇ ವರ್ಷ ಸೆಪ್ಟೆಂಬರ್ ೨೧ರಂದು ಅತಿವೃಷ್ಟಿಯಾಗಿ, ಮನೆ ಕಳೆದುಕೊಂಡವರಿಗಾಗಿ ಕಟ್ಟಿದ್ದ ತಾತ್ಕಾಲಿಕ ಮನೆಗಳಿಗೂ ನೀರು ನುಗ್ಗಿತು.

ಹಾಗಾದರೆ ಈಗ ನೋಡಲು ಏನಿದೆ ಎಂದು ಓದುಗರು ಕೇಳಬಹುದು. ಇದೆ. ಸಂತೆಯ ಹೆಂಗಸರು ೨೦೨೪ರ ಮಾರ್ಚ್ ತಿಂಗಳಲ್ಲಿಯೇ ಕನಜಾವಾದ ಬಂದರಿನ ಹತ್ತಿರ ತಮ್ಮ ಒಣಮೀನು ಹರಡಿಕೊಂಡು ಕೂತರು. ಬಳಿಕ ಬೇರೆ ಬೇರೆ ಊರುಗಳಿಗೂ ಹೋಗಿ ಸಂತೆ ನಡೆಸಿದರು, ಜುಲೈಯಿಂದ ವಾಜಿಮಾದಲ್ಲಿಯೂ ಒಂದು ಅಂಗಡಿಯ ಕಟ್ಟಡದೊಳಗೆ ಸೇರಿದರು. ಅನಾಮಿಜುವಿನ ಚಿಕ್ಕ ರೈಲು ಏಪ್ರಿಲ್ ೬ರಂದು ಪೂರ್ತಿಯಾಗಿ ಓಡಿತು. ಸೆನ್‌ಮೈದಾದಲ್ಲಿ ಆ ವರ್ಷ ೧೦೦೪ರಲ್ಲಿ ಸುಮಾರು ೧೨೦ ಗದ್ದೆಗಳಿಗೆ ನಾಟಿ ಹಾಕಿದರು. ಉಶಿತ್ಸುವಿನ ಹಬ್ಬವನ್ನು ಜುಲೈ ತಿಂಗಳಲ್ಲಿ ಎಂದಿನಂತೆ ನಡೆಸಿದರು. ಮನೆ ಬಿದ್ದು ಊರು ಬಿಟ್ಟವರೂ ಆ ಎರಡು ರಾತ್ರಿ ಬಂದು ಹೆಗಲು ಕೊಟ್ಟರು.

ಜಹಜಿನ ಕೆಲಸದ ಮೇಲಾಗಲಿ ಕಂಪನಿಯ ಕೆಲಸದ ಮೇಲಾಗಲಿ ಜಪಾನಿಗೆ ಹೋಗುವ ನಮ್ಮವರು ಯಾರಾದರೂ ಇದ್ದರೆ, ಎರಡು ದಿನದ ಬಿಡುವಿನಲ್ಲಿ ಕನಜಾವಾದಿಂದ ಬಸ್ಸು ಹಿಡಿಯಬಹುದು. ಹೊರಡುವ ಮೊದಲು ಕನಜಾವಾ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ. ಕಡಲ ದಾರಿಯನ್ನು ತುಂಡು ತುಂಡಾಗಿ ಸರಿಪಡಿಸುತ್ತ ಬಂದಿದ್ದಾರೆ, ಬಿಸಿನೀರಿನ ಬುಗ್ಗೆಗಳ ವಾಕುರಾದಲ್ಲಿಯೂ ವಸತಿಗೃಹಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿವೆ. ಹಳ್ಳಿಯ ಬಸ್ಸುಗಳು ಕಡಿಮೆ. ಸಂತೆಯಲ್ಲಿ ಚಿಲ್ಲರೆ ಹಣ ಕೈಯಲ್ಲಿರಲಿ. ನಾಟಿ ನೋಡಬೇಕೆಂದರೆ ಮೇ ತಿಂಗಳು, ಕಿರಿಕೊಗೆ ಜುಲೈಯಿಂದ ಸೆಪ್ಟೆಂಬರ್, ಅಲೆಯ ಹೂವಿಗೆ ಡಿಸೆಂಬರ್ ಕಳೆದ ಮೇಲೆ. ಉಪ್ಪಿನ ಕಣದಲ್ಲಿ ನೀರೆರಚುವುದು ಬೇಸಗೆಯ ಬಿಸಿಲ ದಿನಗಳಲ್ಲಿ ಮಾತ್ರ, ಅದೂ ಬೆಳಿಗ್ಗೆ.